ಹದಿನಾಲ್ಕನೇ ಅಭ್ಯರ್ಥಿ ಮತ್ತು ಮೂರನೇ ಲಿಫ್ಟು

ಜಗಳ ಶುರುವಾದದ್ದು ಒಂದು ಚೀಟಿಯಿಂದ.

ಏಳು ಮಹಡಿಯ ಆ ಕಟ್ಟಡದಲ್ಲಿ ನಾಲ್ಕು ಲಿಫ್ಟುಗಳು. ಅವುಗಳಲ್ಲಿ ಮೂರನೆಯದರ ಹೊರಬಾಗಿಲು ನಾಲ್ಕನೇ ಮಹಡಿಯಲ್ಲಿ ಸ್ವಲ್ಪ ಸಡಿಲ. ಯಾರಾದರೂ ಭಾರ ಹಾಕಿ ಒರಗಿದರೆ ಬಾಗಿಲು ಅರ್ಧ ಬೆರಳಷ್ಟು ಸರಿಯುತ್ತಿತ್ತು. ಬಾಗಿಲು ಸರಿದರೆ ಲಿಫ್ಟು ಎಲ್ಲಿದೆಯೋ ಅಲ್ಲೇ ನಿಲ್ಲುತ್ತಿತ್ತು. ಹಾಗೆ ನಿಲ್ಲುವುದು ಲಿಫ್ಟಿನ ತಪ್ಪಲ್ಲ, ಕರ್ತವ್ಯ. ಒಂದೇ ಒಂದು ಬಾಗಿಲು ಸರಿಯಾಗಿ ಮುಚ್ಚಿಲ್ಲವೆಂದರೂ ಅಲುಗಬಾರದು ಎಂದು ಅದಕ್ಕೆ ಕಲಿಸಿರುತ್ತಾರೆ.

ಬಾಗಿಲು ಬದಲಿಸಿ ಎಂದು ಲಿಫ್ಟ್ ನೋಡಿಕೊಳ್ಳುವವನು ಐದು ಸಲ ಬರೆದುಕೊಟ್ಟ. ಐದು ಸಲವೂ ‘ಪರಿಶೀಲನೆಯಲ್ಲಿದೆ’ ಎಂಬ ಉತ್ತರ ಬಂತು. ಆರನೆಯ ಸಲ ಅವನು ಅರ್ಜಿ ಬರೆಯುವ ಬದಲು ಒಂದು ಚೀಟಿ ಬರೆದು ಬಾಗಿಲ ಪಕ್ಕದ ಗೋಡೆಗೆ ಅಂಟಿಸಿದ: “ಈ ಬಾಗಿಲಿಗೆ ಯಾರೂ ಒರಗಬಾರದು. ಏನನ್ನೂ ಒರಗಿಸಬಾರದು. ಮ್ಯಾನೇಜರ್ ಕೂಡ.”

ಕೊನೆಯ ಎರಡು ಪದಗಳಿಗೆ ಕಾರಣವಿತ್ತು. ಕಟ್ಟಡದ ಮ್ಯಾನೇಜರಿಗೆ ಫೋನಿನಲ್ಲಿ ಮಾತಾಡುವಾಗ ಎಲ್ಲಿಗಾದರೂ ಒರಗಿಕೊಳ್ಳದಿದ್ದರೆ ಮಾತು ಹೊರಡುತ್ತಿರಲಿಲ್ಲ. ಸಿಗ್ನಲ್ ಚೆನ್ನಾಗಿ ಸಿಗುತ್ತಿದ್ದದ್ದು ಆ ಬಾಗಿಲ ಹತ್ತಿರವೇ. ಆ ವರ್ಷ ಮೂರನೇ ಲಿಫ್ಟು ನಡುದಾರಿಯಲ್ಲಿ ನಿಂತದ್ದು ಹನ್ನೊಂದು ಸಲ. ಅದರಲ್ಲಿ ಒಂಬತ್ತು ಸಲ ಮ್ಯಾನೇಜರ್ ಫೋನಿನಲ್ಲಿದ್ದರು.

“ನಾನು ಎಲ್ಲಿ ಒರಗಬೇಕು ಅಂತ ನೀನು ಹೇಳ್ತೀಯಾ?” ಎಂದು ಮ್ಯಾನೇಜರ್ ಚೀಟಿ ಹರಿದರು.

“ನಾನು ಹೇಳ್ತಿಲ್ಲ ಸಾರ್. ಬಾಗಿಲು ಹೇಳ್ತಿದೆ. ಅದಕ್ಕೆ ಬರೆಯೋಕೆ ಬರಲ್ಲ ಅಂತ ನಾನು ಬರೆದೆ.”

ಮರುದಿನ ಇನ್ನೊಂದು ಚೀಟಿ ಅಂಟಿತು. ಅದನ್ನೂ ಹರಿದರು. ಮೂರನೆಯದನ್ನು ಅವನು ಗೋಂದಿನ ಬದಲು ರಬ್ಬರ್ ಅಂಟಿನಲ್ಲಿ ಹಚ್ಚಿದ್ದರಿಂದ ಅದನ್ನು ಕೀಳುವಾಗ ಗೋಡೆಯ ಬಣ್ಣವೂ ಕಿತ್ತುಬಂತು. ಅಲ್ಲಿಗೆ ವಿಷಯ ಚೀಟಿಯದ್ದಾಗಿ ಉಳಿಯಲಿಲ್ಲ.

ಈ ಮನುಷ್ಯನನ್ನು ಕಟ್ಟಡದ ಆರುನೂರು ಜನ ‘ಲಿಫ್ಟಣ್ಣ’ ಎನ್ನುತ್ತಿದ್ದರು. ಮ್ಯಾನೇಜರ್ ಮಾತ್ರ ‘ಲಿಫ್ಟ್‌ನವನು’ ಎನ್ನುತ್ತಿದ್ದರು. ಎಂಟು ವರ್ಷ ಮೂರು ತಿಂಗಳಿಂದ ಅಲ್ಲಿ ದುಡಿದರೂ ಕಾಗದದ ಪ್ರಕಾರ ಅವನು ಅಲ್ಲಿಯವನಲ್ಲ, ಒಂದು ಏಜೆನ್ಸಿ ಕಳಿಸಿದವನು. ಏಜೆನ್ಸಿಯ ಗುತ್ತಿಗೆ ಹನ್ನೊಂದು ತಿಂಗಳದ್ದು. ಅದು ಮುಗಿದ ಮರುದಿನ ಅವನು ಯಾರ ನೌಕರನೂ ಅಲ್ಲ. ಆ ದಿನಕ್ಕೆ ‘ಬ್ರೇಕ್’ ಎಂದು ಹೆಸರು. ಅದರ ಮಾರನೆಯ ದಿನ ಹೊಸಬನಾಗಿ ಸೇರಿಕೊಳ್ಳುತ್ತಿದ್ದ. ಹೀಗೆ ಇದುವರೆಗೆ ಒಂಬತ್ತು ಸಲ ಹೊಸಬನಾಗಿದ್ದ. ಒಂಬತ್ತು ಸಲವೂ ‘ಈ ಸಂಸ್ಥೆಯಲ್ಲಿ ಹಿಂದಿನ ಅನುಭವ: ಇಲ್ಲ’ ಎಂಬ ಸಾಲಿನ ಕೆಳಗೆ ಸಹಿ ಹಾಕಿದ್ದ.

ಹಿಂದಿನ ಸಲದ ಬ್ರೇಕ್ ದಿನ ಅವನು ಮರೆತುಹೋದ ಊಟದ ಡಬ್ಬಿ ತೆಗೆದುಕೊಂಡು ಹೋಗಲು ಬಂದಿದ್ದ. ಎರಡನೇ ಲಿಫ್ಟಿನಲ್ಲಿ ಒಬ್ಬ ಮುದುಕಿ ಸಿಕ್ಕಿಹಾಕಿಕೊಂಡಿದ್ದರು. ಬಾಗಿಲು ತೆಗೆದು ಅವರನ್ನು ಹೊರಗೆ ಕರೆತಂದ. ಅದಕ್ಕೆ ಅವನಿಗೆ ಮೆಮೋ ಸಿಕ್ಕಿತು. ನೌಕರನಲ್ಲದ ವ್ಯಕ್ತಿಯೊಬ್ಬ ಯಂತ್ರ ಮುಟ್ಟಿದ್ದರ ಬಗ್ಗೆ ವಿವರಣೆ ಕೊಡತಕ್ಕದ್ದು. ಮುಟ್ಟಿದ್ದು ನೌಕರನಲ್ಲದವನು, ವಿವರಣೆ ಕೇಳಿದ್ದು ನೌಕರನನ್ನು; ಆ ಇನ್ನೊಬ್ಬನ ಪರವಾಗಿ ತಾನು ಹೇಗೆ ಬರೆಯುವುದು ಎಂದು ಅವನು ಎರಡು ದಿನ ಯೋಚಿಸಿ, ಕೊನೆಗೆ “ಆ ದಿನ ನಾನು ಇರಲಿಲ್ಲ” ಎಂದು ಬರೆದ. ಇದರಿಂದ ಮ್ಯಾನೇಜರ್ ಇನ್ನಷ್ಟು ಕೆರಳಿ ಒಂದು ಸುತ್ತೋಲೆ ಹೊರಡಿಸಿದರು: “ಬ್ರೇಕ್ ದಿನದಂದು ಲಿಫ್ಟ್‌ನ ಸಿಬ್ಬಂದಿಯಾಗಲಿ, ಯಾವ ದಿನವೂ ಇತರ ಏಜೆನ್ಸಿ ಸಿಬ್ಬಂದಿಯಾಗಲಿ, ಲಿಫ್ಟನ್ನಾಗಲಿ ಅದಕ್ಕೆ ತಾಗಿದ ಯಾವುದೇ ವಸ್ತುವನ್ನಾಗಲಿ ಮುಟ್ಟತಕ್ಕದ್ದಲ್ಲ.” ಅದು ವಾಚ್‌ಮನ್ ಕೋಣೆಯ ಹಲಗೆಯ ಮೇಲೆ ಇನ್ನೂ ಇತ್ತು. ಓದುಗರು ಇದನ್ನು ನೆನಪಿಡಬೇಕು.

ಗೋಡೆಯ ಬಣ್ಣ ಕಿತ್ತುಬಂದ ದಿನ ಮ್ಯಾನೇಜರ್ ಏಜೆನ್ಸಿಗೆ ಫೋನ್ ಮಾಡಿದರು. “ಈ ಬ್ರೇಕ್ ಆದಮೇಲೆ ಇವನು ಬೇಡ. ನಿಜವಾದ ಅನುಭವಸ್ಥರು ಬೇಕು. ಅಂಥವರು ಸಿಕ್ಕಿದರೆ ಗುತ್ತಿಗೆ ಗಿತ್ತಿಗೆ ಏನೂ ಬೇಡ, ನೇರವಾಗಿ ಕಾಯಂ ಮಾಡ್ಕೋತೀವಿ.” ಬ್ರೇಕ್‌ಗೆ ಇಪ್ಪತ್ತು ದಿನ ಉಳಿದಿತ್ತು.

ಏಜೆನ್ಸಿಯಲ್ಲಿ ಎರಡು ಮೇಜುಗಳಿದ್ದವು. ಮೊದಲನೆಯದು ಕೆಲಸದಲ್ಲಿರುವವರದು. ಎರಡನೆಯದು ಕೆಲಸ ಬೇಕಾದವರದು. ನಡುವೆ ಐದು ಅಡಿ ಜಾಗ ಮತ್ತು ಒಂದು ಫ್ಯಾನು. ಎರಡು ಮೇಜಿನವರೂ ಮಾತಾಡಿಕೊಳ್ಳುವ ಪದ್ಧತಿ ಇರಲಿಲ್ಲ. ಎರಡನೇ ಮೇಜಿನಲ್ಲಿ ಕೂತಿದ್ದ ಹುಡುಗಿ ಬಂದು ಮೂರು ವಾರವಾಗಿತ್ತು, ಅವಳೂ ಗುತ್ತಿಗೆಯವಳೇ. ಅವಳು ಡ್ರಾಯರ್ ಎಳೆದು ಲಿಫ್ಟ್ ಎಂಬ ಪದ ಇರುವ ಹಳೆಯ ಬಯೋಡೇಟಾಗಳನ್ನೆಲ್ಲ ಹೊರಗೆ ತೆಗೆದಳು. ಹದಿನಾಲ್ಕು ಸಿಕ್ಕವು. ಮೊದಲ ಹದಿಮೂರರ ನಂಬರುಗಳು ಬದಲಾಗಿದ್ದವು. ಹದಿನಾಲ್ಕನೆಯದಕ್ಕೆ ಫೋನ್ ಮಾಡಿದಳು.

“ಸಾರ್, ನಿಮಗೊಂದು ಒಳ್ಳೆ ಅವಕಾಶ ಇದೆ. ಕಾಯಂ ಕೆಲಸ.”

ಲಿಫ್ಟಣ್ಣ ಆಗ ಒಂದನೇ ಲಿಫ್ಟಿನ ನೆತ್ತಿಯ ಮೇಲೆ ಕೂತಿದ್ದ. “ಎಲ್ಲಮ್ಮ?”

“ಅದು ಹೇಳೋ ಹಾಗಿಲ್ಲ ಸಾರ್. ಪ್ರತಿಷ್ಠಿತ ಸಂಸ್ಥೆ ಅಷ್ಟೆ. ನಿಮ್ಮ ಹೆಸರೂ ಅವರಿಗೆ ಹೇಳಲ್ಲ.”

ಇದು ಕಸುಬಿನ ನಿಯಮ. ಕೆಲಸ ಕೊಡುವವರೂ ಕೆಲಸ ಮಾಡುವವರೂ ನೇರವಾಗಿ ಭೇಟಿಯಾಗಿಬಿಟ್ಟರೆ ಏಜೆನ್ಸಿಗೆ ಏನು ಕೆಲಸ? ಆದ್ದರಿಂದ ಒಬ್ಬರಿಗೆ ಹೆಸರಿಲ್ಲ, ಇನ್ನೊಬ್ಬರಿಗೆ ವಿಳಾಸವಿಲ್ಲ.

“ಈಗ ಅಲ್ಲಿ ಯಾರೂ ಇಲ್ವಾ?” ಎಂದು ಲಿಫ್ಟಣ್ಣ ಕೇಳಿದ.

“ಒಬ್ಬ ಇದ್ದಾನಂತೆ ಸಾರ್. ಮಹಾ ಮೊಂಡನಂತೆ. ಗೋಡೆ ಎಲ್ಲಾ ಹಾಳು ಮಾಡ್ತಾನಂತೆ.”

“ಅಂಥವರಿಂದಲೇ ನಮ್ಮ ಕಸುಬಿಗೆ ಕೆಟ್ಟ ಹೆಸರು,” ಎಂದು ಲಿಫ್ಟಣ್ಣ ಹೇಳಿ, ತನ್ನ ಅನುಭವವನ್ನು ಬರೆಸಿದ. ಅವನು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ನಾಲ್ಕು ಲಿಫ್ಟು, ದಿನಕ್ಕೆ ಆರುನೂರು ಜನ, ಎಂಟು ವರ್ಷ, ಒಬ್ಬರಿಗೂ ಗಾಯವಿಲ್ಲ. ಹುಡುಗಿ ಅದನ್ನು ಏಜೆನ್ಸಿಯ ಭಾಷೆಗೆ ಏರಿಸಿದಳು. ‘ವರ್ಟಿಕಲ್ ಮೊಬಿಲಿಟಿ ತಜ್ಞರು. ಬಹುಮಹಡಿ ಸಂಕೀರ್ಣದಲ್ಲಿ ನಾಲ್ಕು ಯೂನಿಟ್‌ಗಳ ಏಕಕಾಲಿಕ ನಿರ್ವಹಣೆ. ಎಂಟು ವರ್ಷಗಳ ಅಪಘಾತರಹಿತ ದಾಖಲೆ. ಸುರಕ್ಷತಾ ಸೂಚನೆಗಳನ್ನು ಸ್ವಯಂಪ್ರೇರಿತವಾಗಿ ಪ್ರಕಟಿಸುವವರು.’ ಮೇಲೆ ಹೆಸರಿರುವ ಜಾಗದಲ್ಲಿ: ಅಭ್ಯರ್ಥಿ ೧೪.

ಮನೆಯಲ್ಲಿ ಈ ಸುದ್ದಿ ಬಾಯಿಬಿಡಬಾರದೆಂದೇ ಅವನು ಅಂದುಕೊಂಡಿದ್ದ. ಆದರೆ ಅಂದು ಹೆಂಡತಿಯ ಅಣ್ಣ ಬಂದು ಕೂತಿದ್ದರು. ನೀರು ಸರಬರಾಜು ಕಚೇರಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಕಾಯಂ ನೌಕರರಾದ್ದರಿಂದ ಅವರಿಗೆ ‘ಪರ್ಮನೆಂಟ್ ಭಾವ’ ಎಂದು ಹೆಸರು.

“ಏನ್ರೀ, ಇನ್ನೂ ಟೆಂಪರರಿನಾ?” ಎಂದರು. ಬಂದಾಗಲೆಲ್ಲ ಕೇಳುವ ಪ್ರಶ್ನೆ. ಉತ್ತರ ಬೇಕಿರಲಿಲ್ಲ.

“ಪ್ರತಿಷ್ಠಿತ ಸಂಸ್ಥೆಯವರು ನನ್ನನ್ನ ಹುಡುಕ್ತಿದ್ದಾರೆ. ಕಾಯಂ,” ಎಂದು ಲಿಫ್ಟಣ್ಣನ ಬಾಯಿಂದ ಬಂದುಬಿಟ್ಟಿತು.

“ಯಾವ ಸಂಸ್ಥೆ?”

“ಹೇಳೋ ಹಾಗಿಲ್ಲ.”

“ನಿಮಗೆ ಗೊತ್ತಾ?”

“ನನಗೂ ಹೇಳೋ ಹಾಗಿಲ್ಲ.”

ಭಾವ ತಂಗಿಯ ಕಡೆ ತಿರುಗಿದರು. “ಇವರಿಗೆ ಎಲ್ಲಿ ಕೆಲಸ ಅಂತ ಇವರಿಗೇ ಗೊತ್ತಿಲ್ವಂತೆ.”

ಹೆಂಡತಿ ಹೊಲಿಗೆ ಯಂತ್ರದಿಂದ ತಲೆಯೆತ್ತಲಿಲ್ಲ. ಬೀದಿಯ ಅರ್ಧ ಜನ ಬಟ್ಟೆ ಹೊಲಿಸಿಕೊಳ್ಳುತ್ತಿದ್ದದ್ದು ಅವಳ ಕೈಯಲ್ಲೇ. “ನಿನಗೆ ಎಲ್ಲಿ ಕೆಲಸ ಅಂತ ಗೊತ್ತು, ಏನು ಕೆಲಸ ಅಂತ ಗೊತ್ತಿಲ್ಲ. ಸರಿಹೋಯ್ತಲ್ಲ ಅಣ್ಣ. ಈಗ ಇವರ ಸಂದರ್ಶನಕ್ಕೆ ನಿನ್ನ ಕೋಟು ಕೊಡು.”

ಭಾವನ ಕೋಟು ಲಿಫ್ಟಣ್ಣನಂಥ ಒಂದೂವರೆ ಜನಕ್ಕಾಗುವಷ್ಟಿತ್ತು. ಕತ್ತರಿ ಹಾಕಬಾರದು ಎಂಬ ಕರಾರಿನ ಮೇಲೆ ಕೊಟ್ಟರು. ಅವಳು ಬೆನ್ನಿನ ಉದ್ದಕ್ಕೂ ಬಟ್ಟೆ ಹಿಡಿದು ಕಚ್ಚಾ ಹೊಲಿಗೆ ಹಾಕಿ ಒಳಗೆ ಮಡಚಿದಳು. “ಕೂತ್ಕೊಳ್ಳಿ, ಎದ್ದೇಳಿ, ಕೈ ಮುಗೀರಿ. ಆದರೆ ಭಾರ ಮಾತ್ರ ಎತ್ತಬೇಡಿ, ಬಿಚ್ಚಿಕೊಳ್ಳುತ್ತೆ,” ಎಂದಳು.

ಇತ್ತ ಕಟ್ಟಡದಲ್ಲಿ ಮ್ಯಾನೇಜರ್ ಕೈಗೆ ಹದಿನಾಲ್ಕರ ಬಯೋಡೇಟಾ ಸೇರಿತು. ಅವರು ಮೂರು ಸಲ ಓದಿದರು. ನಾಲ್ಕನೇ ಸಲ ಲಿಫ್ಟಣ್ಣನನ್ನು ಕರೆಸಿ ಅವನ ಕೈಯಲ್ಲಿ ಓದಿಸಿದರು.

“ಓದು. ಜೋರಾಗಿ ಓದು. ಪ್ರಪಂಚದಲ್ಲಿ ಇಂಥವರೂ ಇದ್ದಾರೆ ಅಂತ ಗೊತ್ತಾಗಲಿ.”

ಲಿಫ್ಟಣ್ಣ ಓದಿದ. ನಾಲ್ಕು ಯೂನಿಟ್ ಏಕಕಾಲಕ್ಕೆ. ತನ್ನಲ್ಲೂ ನಾಲ್ಕೇ, ಆದರೆ ಏಕಕಾಲಕ್ಕೆ ಎಂದು ಅವನೆಂದೂ ಯೋಚಿಸಿರಲಿಲ್ಲ. ಒಂದಾದ ಮೇಲೆ ಒಂದು ನೋಡಿಕೊಳ್ಳುತ್ತಿದ್ದೇನೆಂದೇ ತಿಳಿದಿದ್ದ. ಎಂಟು ವರ್ಷ ಅಪಘಾತರಹಿತ. ಆ ಕಾಗದ ತನ್ನದೇ ಎಂದು ಓದುಗರಿಗೆ ಹೊಳೆದಷ್ಟು ಸುಲಭವಾಗಿ ಅವನಿಗೆ ಹೊಳೆಯಲಿಲ್ಲ. ಅದಕ್ಕೆ ಅವನನ್ನು ದೂರಬಾರದು. ತನ್ನ ಬಗ್ಗೆ ಅಷ್ಟು ಗೌರವದ ಭಾಷೆಯನ್ನು ಅವನು ಮೊದಲೆಂದೂ ಕೇಳಿರಲಿಲ್ಲ.

“ಇವರು ಬರ್ತಾರಾ ಸಾರ್, ಇಲ್ಲಿಗೆ?”

“ನಿನ್ನ ಬ್ರೇಕ್ ದಿನ ಬರ್ತಾರೆ. ಅವರು ಬರುವಾಗ ನೀನು ಇಲ್ಲಿ ಕಾಣಿಸಬಾರದು. ಹಾಂ, ಅವರಿಗೆ ಕೇಳೋಕೆ ಹತ್ತು ಪ್ರಶ್ನೆ ಬರೆದುಕೊಡು. ನನಗೆ ತಾಂತ್ರಿಕ ವಿಷಯ ಅಷ್ಟು ಇಲ್ಲ.”

ತನ್ನ ಜಾಗಕ್ಕೆ ಬರುವವನಿಗೆ ತಾನೇ ಪ್ರಶ್ನೆ ಪತ್ರಿಕೆ ಬರೆಯಬೇಕೆಂದಾಗ ಲಿಫ್ಟಣ್ಣ ಅಳಲಿಲ್ಲ. ಪೆನ್ನು ತೆಗೆದ. ಈ ಹದಿನಾಲ್ಕು ಯಾರೇ ಆಗಿರಲಿ, ಎಷ್ಟೇ ಏಕಕಾಲಿಕವಾಗಿರಲಿ, ಇಲ್ಲಿಂದ ಬೆವರು ಒರೆಸಿಕೊಂಡೇ ಹೋಗಬೇಕು. ಈ ಕಟ್ಟಡದಲ್ಲಿ ಎಂಟು ವರ್ಷ ಸವೆದವನಿಗಲ್ಲದೆ ಮತ್ತೊಬ್ಬನಿಗೆ ಉತ್ತರ ತಿಳಿಯದಂಥ ಹತ್ತು ಪ್ರಶ್ನೆಗಳನ್ನು ಬರೆದ. ಹತ್ತನೆಯದನ್ನು ಬರೆಯುವಾಗ ಒತ್ತಿದ ಒತ್ತಡಕ್ಕೆ ಹಾಳೆ ತೂತಾಯಿತು.

ಬ್ರೇಕ್ ದಿನ ಬಂತು. ಪ್ರತಿಷ್ಠಿತ ಸಂಸ್ಥೆಯ ಸಂದರ್ಶನವೂ ಅದೇ ದಿನ. ವಿಳಾಸವನ್ನು ಬೆಳಿಗ್ಗೆಯೇ ಕಳಿಸುವುದು ಏಜೆನ್ಸಿಯ ಕ್ರಮ. ಅವನು ಕೋಟು ತೊಟ್ಟು, ಬೆನ್ನು ಬಗ್ಗಿಸದೆ ಬಸ್ಸಿನಲ್ಲಿ ನಿಂತಿದ್ದಾಗ ಫೋನ್ ಕಿಣಿಗುಟ್ಟಿತು. ವಿಳಾಸ ಓದಿದ. ಮತ್ತೆ ಓದಿದ. ಹುಡುಗಿಗೆ ಫೋನ್ ಮಾಡಿದ.

“ಅಮ್ಮಾ, ಇದು ನಾನು ಕೆಲಸ ಮಾಡೋ ಜಾಗ.”

“ಹೌದಾ ಸಾರ್? ಒಳ್ಳೇದೇ ಆಯ್ತು, ದಾರಿ ಗೊತ್ತಿರುತ್ತೆ.”

“ಅಲ್ಲಮ್ಮ, ನಾನು ನಿಮ್ಮ ಏಜೆನ್ಸಿಯಿಂದಲೇ ಅಲ್ಲಿ—”

“ಅದು ಮೊದಲನೇ ಮೇಜು ಸಾರ್. ನಂದು ಎರಡನೇದು,” ಎಂದು ಅವಳು ಫೋನ್ ಇಟ್ಟಳು.

ಕಟ್ಟಡದಲ್ಲಿ ಬೇರೆ ಯಾವುದೋ ಮಹಡಿಯಲ್ಲಿ ಬೇರೆ ಯಾವುದೋ ಸಂಸ್ಥೆ ಇರಬೇಕು ಎಂದು ತೀರ್ಮಾನಿಸಿ ಅವನು ಇಳಿದ. ಗೇಟಿನಲ್ಲಿ ವಾಚ್‌ಮನ್ ತಡೆದ.

“ಅಣ್ಣ, ಇವತ್ತು ನಿಮಗೆ ಬ್ರೇಕು. ಬಿಟ್ಟರೆ ನನ್ನ ಕೆಲಸ ಹೋಗುತ್ತೆ. ಕೋಟು ಬೇರೆ ಹಾಕಿದ್ದೀರ, ಯಾರ ಮದುವೆ?”

“ಸಂದರ್ಶನಕ್ಕೆ ಬಂದಿದ್ದೀನಿ. ಏಜೆನ್ಸಿ ಕಳಿಸಿದೆ.”

ವಾಚ್‌ಮನ್ ಪಟ್ಟಿ ನೋಡಿದ. ಅದರಲ್ಲಿ ಇದ್ದದ್ದು ಒಂದೇ ಸಾಲು. ಅವನು ಪಟ್ಟಿ ನೋಡಿ ಲಿಫ್ಟಣ್ಣನನ್ನು ನೋಡಿದ, ಲಿಫ್ಟಣ್ಣನನ್ನು ನೋಡಿ ಪಟ್ಟಿ ನೋಡಿದ. “ಆ ಹದಿನಾಲ್ಕು ನೀವೇನಾ? ಅವರಿಗೆ ಸಲ್ಯೂಟ್ ಹೊಡೀಬೇಕು ಅಂತ ನನಗೆ ನಿನ್ನೆ ಎರಡು ಸಲ ಪ್ರಾಕ್ಟೀಸ್ ಮಾಡಿಸಿದ್ದಾರೆ.” ಹೇಳಿದಂತೆಯೇ ಹೊಡೆದ. ‘ಅಭ್ಯರ್ಥಿ ೧೪’ ಎಂಬ ಬಿಲ್ಲೆಯನ್ನು ಕೋಟಿಗೆ ಸಿಕ್ಕಿಸಿದ.

ಲಿಫ್ಟಣ್ಣ ವಾಚ್‌ಮನ್ ಕುರ್ಚಿಯಲ್ಲಿ ಕೂತ. ಒಂದೊಂದಾಗಿ ಎಲ್ಲವೂ ತಮ್ಮ ಜಾಗಕ್ಕೆ ಬಂದು ಕೂತವು. ತಾನು ಹೊಟ್ಟೆಕಿಚ್ಚು ಪಟ್ಟದ್ದು ತನ್ನ ಮೇಲೆ. ಕಸುಬಿಗೆ ಕೆಟ್ಟ ಹೆಸರು ತಂದ ಮೊಂಡನೂ ತಾನೇ. ಬೆವರಿಳಿಸಲೆಂದು ಬರೆದ ಹತ್ತು ಪ್ರಶ್ನೆಗಳಿಗೆ ಉತ್ತರಿಸಬೇಕಾದವನೂ ತಾನೇ. ಸಿಟ್ಟು ಬಂತು, ಯಾರ ಮೇಲೆ ಬರಬೇಕೆಂದು ನಿರ್ಧರಿಸಲು ಒಂದು ನಿಮಿಷ ಹಿಡಿಯಿತು. ಹಲಗೆಯ ಮೇಲಿದ್ದ ಸುತ್ತೋಲೆ ಕಣ್ಣಿಗೆ ಬಿತ್ತು. ಅದನ್ನು ಎರಡು ಸಲ ಓದಿದ. ಆಮೇಲೆ ಮೆಟ್ಟಿಲು ಹತ್ತತೊಡಗಿದ. ಬ್ರೇಕ್ ದಿನ ಲಿಫ್ಟ್ ಮುಟ್ಟುವಂತಿಲ್ಲವಲ್ಲ.

ಅದೇ ಹೊತ್ತಿಗೆ, ಅಂದರೆ ಹತ್ತು ಗಂಟೆ ಐವತ್ತೆರಡು ನಿಮಿಷಕ್ಕೆ, ಎರಡು ಘಟನೆಗಳು ನಡೆದವು. ಸಂದರ್ಶನ ನಾಲ್ಕನೇ ಮಹಡಿಯಲ್ಲಿದ್ದುದರಿಂದ ಹದಿನಾಲ್ಕನೇ ಅಭ್ಯರ್ಥಿಗೆ ಸ್ವಾಗತ ಕೋರುವ ಮರದ ಬೋರ್ಡೊಂದನ್ನು ಮ್ಯಾನೇಜರ್ ಮಾಡಿಸಿದ್ದರು. ತಂದ ಇಬ್ಬರು ಅದನ್ನು ಎಲ್ಲಿಡಬೇಕೆಂದು ತಿಳಿಯದೆ ಮೂರನೇ ಲಿಫ್ಟಿನ ಬಾಗಿಲಿಗೆ ಒರಗಿಸಿ ಟೀ ಕುಡಿಯಲು ಹೋದರು. ಚೀಟಿ ಇದ್ದಿದ್ದರೆ ಓದುತ್ತಿದ್ದರೇನೋ. ಅದೇ ಗಳಿಗೆಯಲ್ಲಿ ಮ್ಯಾನೇಜರ್ ಮತ್ತು ಏಜೆನ್ಸಿಯ ಯಜಮಾನ, ಅಭ್ಯರ್ಥಿಯನ್ನು ಗೇಟಿನಲ್ಲೇ ಎದುರುಗೊಳ್ಳಲೆಂದು, ಆರನೇ ಮಹಡಿಯಿಂದ ಮೂರನೇ ಲಿಫ್ಟಿನಲ್ಲಿ ಇಳಿಯುತ್ತಿದ್ದರು. ನಾಲ್ಕನೇ ಮಹಡಿಯ ಮಟ್ಟದಿಂದ ಒಂದಡಿ ಕೆಳಗೆ ಲಿಫ್ಟು ನಿಂತಿತು.

ಲಿಫ್ಟಣ್ಣ ಏದುಸಿರು ಬಿಡುತ್ತ ಮೇಲೆ ಬಂದಾಗ ಬಾಗಿಲ ಮುಂದೆ ಕಸ ಗುಡಿಸುವ ಅಕ್ಕ ಪೊರಕೆ ಹಿಡಿದು ನಿಂತಿದ್ದಳು. ಒಳಗಿಂದ ಬಾಗಿಲು ಬಡಿಯುವ ಶಬ್ದ.

“ಯಾರಿದ್ದೀರಿ ಹೊರಗೆ? ಲಿಫ್ಟ್‌ನವನನ್ನ ಕರೀರಿ.”

“ಅವರಿಗೆ ಇವತ್ತು ಬ್ರೇಕು ಸಾರ್. ನೀವೇ ಸಹಿ ಹಾಕಿದ್ದೀರ,” ಎಂದಳು ಅಕ್ಕ.

“ಬಾಗಿಲಿಗೆ ಏನಾದ್ರೂ ಒರಗಿದೆಯಾ ನೋಡು.”

“ಬೋರ್ಡ್ ಒರಗಿದೆ. ಸುಸ್ವಾಗತ ಅಂತ ಬರೆದಿದೆ.”

“ತೆಗಿ ಅದನ್ನ.”

“ಲಿಫ್ಟಿಗೆ ತಾಗಿದ ವಸ್ತು ಮುಟ್ಟಬಾರದು ಅಂತ ಸುತ್ತೋಲೆ ಇದೆ ಸಾರ್. ನಾನೂ ಏಜೆನ್ಸಿಯವಳೇ. ಮೆಮೋ ಬಂದರೆ ನನ್ನ ಕೈಲಿ ಬರೆಯೋಕೂ ಆಗಲ್ಲ.” ಅವಳು ಪೊರಕೆಯನ್ನು ಗೋಡೆಗೆ ಒರಗಿಸಿ, ಕೈ ಕಟ್ಟಿಕೊಂಡಳು. ಲಿಫ್ಟಣ್ಣನ ಕೋಟನ್ನೂ ಬಿಲ್ಲೆಯನ್ನೂ ಕಂಡು ಹುಬ್ಬೇರಿಸಿದಳು. ಅವನು ತುಟಿಯ ಮೇಲೆ ಬೆರಳಿಟ್ಟ.

“ಹಾಗಾದ್ರೆ ಹದಿನಾಲ್ಕನೇ ಅಭ್ಯರ್ಥಿ ಬಂದ್ರಾ?” ಎಂದು ಒಳಗಿಂದ ಮ್ಯಾನೇಜರ್.

“ಬಂದಿದ್ದಾರೆ. ಇಲ್ಲೇ ನಿಂತಿದ್ದಾರೆ. ಕೋಟು ಹಾಕಿದ್ದಾರೆ.”

ಒಳಗೆ ಬಡಿತ ನಿಂತಿತು. ಗಂಟಲು ಸರಿಮಾಡಿಕೊಂಡ ಸದ್ದು ಕೇಳಿಸಿತು. “ನಮಸ್ಕಾರ ಸಾರ್. ತಾವು ಬಂದ ದಿನವೇ ಹೀಗಾಯ್ತಲ್ಲ. ದಯವಿಟ್ಟು ತಪ್ಪು ತಿಳೀಬೇಡಿ.”

ಎಂಟು ವರ್ಷ ಮೂರು ತಿಂಗಳಲ್ಲಿ ಆ ಗಂಟಲಿನಿಂದ ‘ತಾವು’ ಎಂಬ ಪದ ತನ್ನ ಕಡೆಗೆ ಬಂದದ್ದನ್ನು ಲಿಫ್ಟಣ್ಣ ಕೇಳಿದ್ದು ಅದೇ ಮೊದಲು. ಅವನು ಕೋಟಿನ ಗುಂಡಿ ಹಾಕಿಕೊಂಡ. ಅವನ ದನಿ ತಾನಾಗಿಯೇ ದಪ್ಪವಾಯಿತು.

“ಒಳಗೆ ದೀಪ ಇದೆಯಾ? ಫ್ಯಾನು?”

“ಎರಡೂ ಇದೆ ಸಾರ್.”

“ಭಯ ಬೇಡ. ಲಿಫ್ಟು ಬೀಳಲ್ಲ. ಬಾಗಿಲು ಎಳೀಬೇಡಿ. ಕಂಪನಿಯವರಿಗೆ ಫೋನ್ ಮಾಡ್ತೀನಿ.” ಮಾಡಿದ. ಎರಡು ಗಂಟೆಯೊಳಗೆ ಬರುತ್ತೇವೆಂದರು. ಅದನ್ನೂ ಯಥಾವತ್ತಾಗಿ ಒಳಗೆ ತಿಳಿಸಿದ.

“ಎರಡು ಗಂಟೆನಾ?” ಏಜೆನ್ಸಿ ಯಜಮಾನನ ದನಿ ಸಣ್ಣದಾಗಿತ್ತು. “ಸಾರ್, ತಾವೇ ಸ್ವಲ್ಪ ಕೈ ಹಾಕಿ.”

“ನಾನು ಇಲ್ಲಿಯ ನೌಕರ ಅಲ್ಲ. ಕೆಳಗೆ ಸುತ್ತೋಲೆ ಓದಿಕೊಂಡು ಬಂದಿದ್ದೀನಿ. ಮುಟ್ಟೋ ಹಾಗಿಲ್ಲ.”

“ನೋಡಿದ್ರಾ,” ಎಂದು ಮ್ಯಾನೇಜರ್ ಯಜಮಾನನಿಗೆ ಹೇಳಿದ್ದು ಸಂದಿಯಿಂದ ಸ್ಪಷ್ಟವಾಗಿ ಕೇಳಿಸಿತು. “ಬಂದ ಐದು ನಿಮಿಷದಲ್ಲಿ ಸುತ್ತೋಲೆ ಓದಿದ್ದಾರೆ. ನಮ್ಮವನು ವರ್ಷವಾದ್ರೂ ಓದಲಿಲ್ಲ.” ಮತ್ತೆ ದನಿಯೇರಿಸಿ, “ಸಾರ್, ಹೇಗೂ ಕಾಯಬೇಕಲ್ಲ, ಇಲ್ಲೇ ಸಂದರ್ಶನ ಮುಗಿಸಿಬಿಡೋಣವಾ? ಪ್ರಶ್ನೆ ನನ್ನ ಜೇಬಿನಲ್ಲೇ ಇದೆ.”

“ಕೇಳಿ.”

“ನಾಲ್ಕು ಲಿಫ್ಟುಗಳಲ್ಲಿ ಸೋಮವಾರ ಬೆಳಿಗ್ಗೆ ಮೊದಲು ಕಿರುಗುಟ್ಟೋದು ಯಾವುದು?”

“ಎರಡನೇದು. ಭಾನುವಾರ ಪೂರ್ತಿ ನಿಂತಿರುತ್ತೆ. ಎಣ್ಣೆ ಆರಿರುತ್ತೆ.”

“ತಾರಸಿ ಮೇಲಿನ ಮಷೀನ್ ರೂಮಿನ ಬೀಗ ತೆಗೆಯೋದು ಹೇಗೆ?”

“ಎಡಕ್ಕೆ ಒಂದು ಸುತ್ತು ತಿರುಗಿಸಿ, ಬಾಗಿಲ ಕೆಳಗೆ ಮೊಣಕಾಲಿಂದ ಒಂದು ಗುದ್ದು ಕೊಡಬೇಕು. ಬಲಕ್ಕೆ ತಿರುಗಿಸಿದ್ರೆ ಬೀಗದ ಕೈ ಮುರಿಯುತ್ತೆ. ಎರಡು ಸಲ ಮುರಿದಿದೆ.”

“ಬರೋ ಮುಂಚೆನೇ ಇಡೀ ಕಟ್ಟಡದ ಅಧ್ಯಯನ ಮಾಡಿದ್ದಾರೆ,” ಎಂದು ಮ್ಯಾನೇಜರ್ ಉಸುರಿದರು. “ನಾವು ಆಯ್ಕೆ ಮಾಡಿದವರು ಅಂದ್ರೆ ಸುಮ್ನೇನಾ?” ಎಂದ ಯಜಮಾನ.

ಹೀಗೆ ಒಂಬತ್ತು ಪ್ರಶ್ನೆಗಳಾದವು. ಒಂಬತ್ತಕ್ಕೂ ಉತ್ತರ ತಡವಿಲ್ಲದೆ ಹೊರಟಿತು. ಸುತ್ತ ಜನ ಸೇರಿದ್ದರು, ಬೋರ್ಡು ತೆಗೆದು ಆಟ ಕೆಡಿಸುವ ಮನಸ್ಸು ಯಾರಿಗೂ ಇರಲಿಲ್ಲ. ಪ್ರತಿ ಉತ್ತರಕ್ಕೂ ಅಕ್ಕ ಒಂದೊಂದು ಬೆರಳು ಮಡಚಿ ಎಣಿಸುತ್ತಿದ್ದಳು. ಮೊದಲ ಪ್ರಶ್ನೆಗೇ ದನಿ ಗುರುತು ಹಿಡಿಯದವರು ಆ ಮಹಡಿಯಲ್ಲಿ ಇಬ್ಬರೇ ಇದ್ದರು, ಮತ್ತು ಇಬ್ಬರೂ ಲಿಫ್ಟಿನೊಳಗಿದ್ದರು.

“ಹತ್ತನೇದು.” ಮ್ಯಾನೇಜರ್ ತಡವರಿಸಿದರು. “ಇಲ್ಲಿ ಹಾಳೆ ತೂತಾಗಿದೆ. ಮೂರನೇ ಲಿಫ್ಟಿನ ನಾಲ್ಕನೇ ಮಹಡಿ ಬಾಗಿಲಿಗೆ ಒರಗಿದರೆ ಏನಾಗುತ್ತೆ? ಅದನ್ನ ತಡೆಯೋಕೆ ಏನು ಮಾಡಬೇಕು?”

“ಏನಾಗುತ್ತೆ ಅನ್ನೋದಕ್ಕೆ ನೀವೇ ಸಾಕ್ಷಿ. ತಡೆಯೋಕೆ ಗೋಡೆ ಮೇಲೆ ಒಂದು ಚೀಟಿ ಅಂಟಿಸಬೇಕು.”

“ಅದು... ಅಂಟಿಸಿದ್ದರು ಅನ್ನಿ.”

“ತೆಗೆದವರು ಯಾರು?”

ಒಳಗಿಂದ ಪ್ರಶ್ನೆಯ ಹಾಳೆ ಮಡಚುವ ಸದ್ದು ಕೇಳಿಸಿತು.

“ಒಂದು ಮಾತು ಕೇಳ್ತೀನಿ,” ಎಂದ ಹದಿನಾಲ್ಕನೇ ಅಭ್ಯರ್ಥಿ. “ಈಗ ಇಲ್ಲಿರೋ ಲಿಫ್ಟ್‌ನವರಿಗೆ ಏನು ಕಮ್ಮಿ?”

“ಕೆಲಸ ಗೊತ್ತಿಲ್ಲ ಅಂತ ಅಲ್ಲ ಸಾರ್. ದಿನಾ ಎದುರಿಗೇ ಇರ್ತಾನೆ ನೋಡಿ, ಅವನು ಹೇಳಿದ್ದು ಕಿವಿಗೇ ಬೀಳಲ್ಲ. ತಾವು ಹೇಳಿದರೆ ಬೇರೆ.”

ಅಕ್ಕ ಮುಖ ತಿರುಗಿಸಿಕೊಂಡಳು. ಲಿಫ್ಟಣ್ಣ ಬಾಗಿಲ ಕಡೆ ಒಂದು ಹೆಜ್ಜೆ ಹತ್ತಿರ ಬಂದ.

“ನನ್ನ ಷರತ್ತು ಇಷ್ಟೇ. ಹನ್ನೊಂದು ತಿಂಗಳ ಕತೆ ಬೇಡ. ಬ್ರೇಕು ಬೇಡ. ಏಜೆನ್ಸಿ ಮೂಲಕ ಬೇಡ, ನೇರವಾಗಿ. ಈ ಬಾಗಿಲು ಬದಲಿಸಬೇಕು. ಬದಲಿಸೋವರೆಗೆ ಚೀಟಿ ಇರಬೇಕು, ಅದರ ಕೆಳಗೆ ನಿಮ್ಮ ಸಹಿ ಇರಬೇಕು. ಒಪ್ಪಿದ್ರೆ ಬರೆದುಕೊಡಿ. ಒಪ್ಪಲ್ಲ ಅಂದ್ರೆ ನಾನು ಮನೆಗೆ ಹೋಗ್ತೀನಿ. ಕಂಪನಿಯವರು ಇನ್ನೊಂದೂವರೆ ಗಂಟೆಯಲ್ಲಿ ಬರ್ತಾರೆ.”

“ನೇಮಕಾತಿ ಪತ್ರ ಸಿದ್ಧವಾಗೇ ತಂದಿದ್ದೀನಿ ಸಾರ್. ತಮ್ಮ ಹೆಸರು?”

“ಹೆಸರು ಹೇಳೋ ಹಾಗಿಲ್ಲ,” ಎಂದು ಯಜಮಾನ ನಡುವೆ ಬಾಯಿ ಹಾಕಿದ. “ನಮ್ಮ ಕಮಿಷನ್ ಕಾಗದಕ್ಕೆ ಸಹಿ ಬೀಳೋವರೆಗೆ ನಂಬರ್ ಅಷ್ಟೆ. ಅದು ನಮ್ಮ ನಿಯಮ.”

ಹೀಗೆ ಏಜೆನ್ಸಿಯ ನಿಯಮಕ್ಕೆ ಅನುಸಾರವಾಗಿಯೇ, ಲಿಫ್ಟಿನ ಗೋಡೆಗೆ ಹಾಳೆ ಒತ್ತಿಕೊಂಡು, ಮ್ಯಾನೇಜರ್ ‘ಹದಿನಾಲ್ಕನೇ ಅಭ್ಯರ್ಥಿ’ ಎಂದು ಬರೆದು, ಷರತ್ತುಗಳನ್ನು ಒಂದೊಂದಾಗಿ ಸೇರಿಸಿ, ಸಹಿ ಹಾಕಿದರು. ಕಮಿಷನ್ ಕಾಗದಕ್ಕೂ ಹಾಕಿದರು. ಬಾಗಿಲ ಸಂದಿಯಿಂದ ಪತ್ರ ನಾಲಿಗೆಯಂತೆ ಹೊರಗೆ ಬಂತು. ಲಿಫ್ಟಣ್ಣ ಅದನ್ನು ಪೂರ್ತಿ ಓದಿ, ಒಂದು ಕಡೆ ಬೆರಳಿಟ್ಟ.

“ಯಾವತ್ತಿಂದ ಅಂತ ಬರೆದಿಲ್ಲ.”

“ನಾಳೆಯಿಂದ ಸಾರ್.”

“ಹಾಗಾದ್ರೆ ನಾಳೆ ಬಂದು ತೆಗೀತೀನಿ.”

ಪತ್ರ ಒಳಗೆ ಹೋಯಿತು. ‘ಈ ದಿನದಿಂದ, ಈ ಗಳಿಗೆಯಿಂದ’ ಎಂದು ಸೇರಿಸಿಕೊಂಡು ಹೊರಗೆ ಬಂತು.

“ಈಗ ನಾನು ಯಾರು?”

“ನಮ್ಮ ನೌಕರರು ಸಾರ್. ಕಾಯಂ ನೌಕರರು.”

“ಹಾಗಾದ್ರೆ ಮುಟ್ಟಬಹುದು,” ಎಂದು ಲಿಫ್ಟಣ್ಣ ಬಾಗಿ, ಸುಸ್ವಾಗತದ ಬೋರ್ಡನ್ನು ಎರಡೂ ಕೈಯಿಂದ ಎತ್ತಿ ಪಕ್ಕಕ್ಕಿಟ್ಟ. ಅದಕ್ಕೆ ಹಿಡಿದದ್ದು ನಾಲ್ಕು ಸೆಕೆಂಡು. ಅಷ್ಟರಲ್ಲಿ ಕೋಟಿನ ಬೆನ್ನು ಕುತ್ತಿಗೆಯಿಂದ ಸೊಂಟದವರೆಗೆ ಪರ್ರೆಂದಿತು. ಒಳಗಿದ್ದವರು ಅವನು ಹೇಳಿದ ಗುಂಡಿ ಒತ್ತಿದರು. ಲಿಫ್ಟು ಒಂದಡಿ ಮೇಲೇರಿ ಬಾಗಿಲು ತೆರೆಯಿತು. ಸಮಯ ಹನ್ನೊಂದು ಮೂವತ್ಮೂರು. ನಲವತ್ತೊಂದು ನಿಮಿಷ.

ಮ್ಯಾನೇಜರ್ ಹೊರಗೆ ಬಂದು ಹದಿನಾಲ್ಕನೇ ಅಭ್ಯರ್ಥಿಗಾಗಿ ಕೈ ಚಾಚಿದರು. ಕೈ ಗಾಳಿಯಲ್ಲೇ ನಿಂತಿತು.

“ನೀನು ಇಲ್ಲಿ... ಅವರೆಲ್ಲಿ?”

ಲಿಫ್ಟಣ್ಣ ಬಿಲ್ಲೆಯನ್ನು ತೋರಿಸಿದ.

“ಇದು ಮೋಸ.” ಮ್ಯಾನೇಜರ್ ಮುಖ ಕೆಂಪಾಯಿತು. “ಆ ಬಯೋಡೇಟಾ ಮೋಸ.”

“ನಿಮ್ಮ ಜೇಬಿನಲ್ಲೇ ಇದೆಯಲ್ಲ, ತೆಗೀರಿ. ಯಾವ ಸಾಲು ಸುಳ್ಳು ಅಂತ ಓದಿ ಹೇಳಿ. ಜೋರಾಗಿ ಓದಿ ಸಾರ್.”

ಮ್ಯಾನೇಜರ್ ತೆಗೆದರು. ನಾಲ್ಕು ಯೂನಿಟ್. ಬಾಗಿಲುಗಳನ್ನು ನೋಡಿದರು, ನಾಲ್ಕೇ ಇದ್ದವು. ಎಂಟು ವರ್ಷ ಅಪಘಾತರಹಿತ. ಸೇರಿದ್ದ ಜನರನ್ನು ನೋಡಿದರು. ಎಲ್ಲರೂ ಕೈಕಾಲು ನೆಟ್ಟಗಿಟ್ಟುಕೊಂಡು ನಿಂತಿದ್ದರು. ಸುರಕ್ಷತಾ ಸೂಚನೆಗಳನ್ನು ಸ್ವಯಂಪ್ರೇರಿತವಾಗಿ ಪ್ರಕಟಿಸುವವರು. ಗೋಡೆಯ ಮೇಲೆ ಬಣ್ಣ ಕಿತ್ತ ಚೌಕವಿತ್ತು.

ಸಹಾಯಕ್ಕೆಂದು ಅವರು ಏಜೆನ್ಸಿಯ ಯಜಮಾನನ ಕಡೆ ತಿರುಗಿದರು. ಅವನು ಕಮಿಷನ್ ಕಾಗದವನ್ನು ಮಡಚಿ ಒಳಜೇಬಿಗೆ ಸೇರಿಸುತ್ತಿದ್ದ. “ಅಭ್ಯರ್ಥಿ ನಮ್ಮವರೇ ಸಾರ್. ನೀವು ಕೇಳಿದ್ದಕ್ಕಿಂತ ಒಳ್ಳೆಯವರನ್ನೇ ಕೊಟ್ಟಿದ್ದೀವಿ,” ಎಂದು ಹೇಳಿ ಮೆಟ್ಟಿಲ ಕಡೆ ಹೊರಟ.

ಕೋಟು ಮರುದಿನ ಇಸ್ತ್ರಿಯಾಗಿ ಭಾವನ ಕೈ ಸೇರಿತು. ಅವರು ಬೆನ್ನಿನ ಹೊಲಿಗೆಯ ತೂತುಗಳನ್ನು ಬೆಳಕಿಗೆ ಹಿಡಿದು ನೋಡಿದರು. “ಇದೇನಿದು?”

“ಪರ್ಮನೆಂಟ್ ಆಗುವಾಗ ಬಿಚ್ಚಿಕೊಳ್ತು. ನಿನಗೂ ಹಾಗೇ ಆಗಿತ್ತಾ ಅಣ್ಣ, ಇಲ್ಲ ಕೂತಲ್ಲೇ ಆಯ್ತಾ?” ಎಂದಳು ತಂಗಿ.

ಬಾಗಿಲು ಬದಲಿಸುವ ಅರ್ಜಿ ಈಗಲೂ ಪರಿಶೀಲನೆಯಲ್ಲಿದೆ. ಚೀಟಿ ಮಾತ್ರ ಗಾಜಿನ ಚೌಕಟ್ಟಿನೊಳಗೆ ಅದೇ ಜಾಗದಲ್ಲಿ ಕೂತಿದೆ. ಮ್ಯಾನೇಜರ್ ಆಮೇಲೆ ಲಿಫ್ಟಣ್ಣನನ್ನು ‘ನೀನು’ ಎನ್ನಲಾರದೆ, ‘ತಾವು’ ಎನ್ನಲೂ ಬಾಯಿ ಬಾರದೆ, “ಎರಡನೇ ಲಿಫ್ಟು ನೋಡಿದ್ದಾಯ್ತಾ?” ಎಂದು ಗಾಳಿಯನ್ನು ಕೇಳುವವರಂತೆ ಕೇಳುತ್ತಾರೆ. ಕಳೆದ ವಾರ ನಾಲ್ಕನೇ ಮಹಡಿಯಲ್ಲಿ ಅವರ ಫೋನ್ ಬಡಿದುಕೊಂಡಿತು. ಅಭ್ಯಾಸಬಲದಿಂದ ಹೆಗಲು ಬಾಗಿಲ ಕಡೆ ವಾಲಿತು. ಲಿಫ್ಟಣ್ಣ ಚೀಟಿಯ ಪಕ್ಕದಲ್ಲೇ ಸ್ಟೂಲಿನ ಮೇಲೆ ನಿಂತು ಬಲ್ಬು ಬದಲಿಸುತ್ತಿದ್ದ. ಸ್ಕ್ರೂಡ್ರೈವರಿನ ತುದಿಯಿಂದ ಗಾಜಿನ ಮೇಲೆ, ಕೊನೆಯ ಎರಡು ಪದಗಳ ಹತ್ತಿರ, ಎರಡು ಸಲ ತಟ್ಟಿದ.

ಮ್ಯಾನೇಜರ್ ಇಡೀ ಹದಿನೇಳು ನಿಮಿಷ ನೆಟ್ಟಗೆ ನಿಂತು ಮಾತಾಡಿದರು.